ಗುಂಡ್ಯಾ ಮೆಲುಕು ಹಾಕುತ್ತಿರಲಿಲ್ಲ

ಭಾಂಡುಪ್‌ನ ಬಿಲ್ಡಿಂಗೊಂದರ ಮೂರನೇ ಮಾಳಿಗೆಯಲ್ಲಿ ಸುಂದ್ರವ್ವನ ಮನೆ. ಒಂದು ಖೋಲಿ, ಒಂದು ಅಡುಗೆಮನೆ, ಕೈ ಚಾಚಿದರೆ ಮುಗಿದುಹೋಗುವ ಒಂದು ಗ್ಯಾಲರಿ. ಆ ಗ್ಯಾಲರಿಯಲ್ಲಿ ಗುಂಡ್ಯಾ ಎಂಬ ಬಿಳಿ ಮೊಲ. ಗುಂಡ್ಯಾ ಉಚ್ಚೆ ಹೊಯ್ದರೆ ಅದು ಸಂದಿಯಿಂದಿಳಿದು ಕೆಳಗಿನ ಮನೆಯ ನೀಲಾಬಾಯಿ ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತಿತ್ತು. ಜಗಳಕ್ಕೆ ಇನ್ನೇನು ಬೇಕು!

"ಏ ಸುಂದ್ರವ್ವಾ! ನಿನ್ನ ಮೊಲ ಮತ್ತ ನನ್ನ ಸೀರಿ ಮ್ಯಾಲ ಹೊಯ್ತು ನೋಡ! ರೋಜ್ ರೋಜ್ ಏನಿದು?"

"ಸಿಟ್ಟಾಗಬ್ಯಾಡ್ರೀ ಬಾಯಿ, ಇವತ್ತ ಬಂದೋಬಸ್ತ್ ಮಾಡ್ತೀನಿ."

ಏನು ಬಂದೋಬಸ್ತ್ ಅಂತೀರಿ? ಗುಂಡ್ಯಾನ ನೀರಿನ ಬಟ್ಟಲು ಎತ್ತಿ ಒಳಗಿಟ್ಟಳು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ಅಷ್ಟೇ. "ಹಸಿ ತಪ್ಪಲದಾಗ ನೀರ ಇರತದಲ್ಲ, ಸಾಕು" ಅಂದಳು.

ಸುಂದ್ರವ್ವ ಕೆಟ್ಟವಳಲ್ಲ, ದಡ್ಡಿಯೂ ಅಲ್ಲ. ಇಂಡಿ ಕಡೆಯವಳು, ಏಳು ವರ್ಷದವಳಿದ್ದಾಗಿನಿಂದ ಆಡು ಮೇಯಿಸಿದವಳು. ಮಗ ಶಿವಪುತ್ರ ಮತ್ತು ಸೊಸೆ ಬೆಳಿಗ್ಗೆ ಲೋಕಲ್ ರೈಲು ಹಿಡಿದರೆ ಸಂಜೆಯೇ ಬರುವವರು. ಆರನೇ ಇಯತ್ತೆ ಕಲಿಯುವ ಮೊಮ್ಮಗಳು ಸೋನಾಲಿ, ಪುಣೆಗೆ ಹೊರಟ ಗೆಳತಿಯಿಂದ ಈ ಮೊಲವನ್ನು ತಂದಾಗ ಅಜ್ಜಿಯೇ ಮೊದಲು ಕೈ ನೀಡಿದ್ದು. "ನೀ ಸಾಲಿಗೆ ಹೋಗ, ಇಂವನ್ನ ನಾ ನೋಡ್ಕೋತೀನಿ. ಪ್ರಾಣಿ ಸಾಕೂದು ನನಗ ಯಾರೂ ಹೇಳಿಕೊಡಬೇಕಾಗಿಲ್ಲ" ಅಂದಿದ್ದಳು. ಅಲ್ಲೇ ಎಡವಿದ್ದು.

ಯಾಕೆಂದರೆ ಹೇಳಿಕೊಡುವವಳು ಎದುರು ಬಾಗಿಲಲ್ಲೇ ಇದ್ದಳು. ಶಿವಕುಮಾರಿ, ಮುಲುಂಡ್‌ನ ಒಂದು ಪ್ರಾಣಿ ದವಾಖಾನೆಯಲ್ಲಿ ಡಾಕ್ಟರರ ಕೈಕೆಳಗೆ ಕೆಲಸ ಮಾಡುವವಳು. ಮೊಲ ಬಂದ ಮರುದಿನವೇ ಒಂದು ಚೀಲ ಒಣಹುಲ್ಲು ತಂದುಕೊಟ್ಟಿದ್ದಳು.

"ಮೌಶಿ, ಮೊಲದ ಖರೇ ಊಟ ಇದು. ಯಾವಾಗ್ಲೂ ಮುಂದ ಒಣಾ ಹುಲ್ಲು ಇರಬೇಕು. ನೀರಂತೂ ಎಂದೂ ಖಾಲಿ ಆಗಬಾರದು."

"ಹೋಗ ಹುಡುಗಿ! ಒಣಾ ಹುಲ್ಲು ಹಾಕಾಕ ಇಂವೇನು ಗಳೇ ಹೊಡಿಯೂ ಎತ್ತೇನು? ನನ್ನ ಮನಿಗೆ ಬಂದ ಕೂಸು. ನೋಡಿದ ಮಂದಿ ಏನಂದಾರು?"

ಹುಲ್ಲಿನ ಚೀಲ ಕಾಟಿನ ಕೆಳಗೆ ಹೋಯಿತು. ಹಾಲು ಕೊಡುವ ಆಡಿಗೆ ಮಾಡುವ ಉಪಚಾರ ಗುಂಡ್ಯಾನಿಗೆ ಶುರುವಾಯಿತು. ಬಿಲ್ಡಿಂಗಿನ ಹಿಂದಿನ ಗಿಡದಿಂದ ದಿನಾಲೂ ನುಗ್ಗೆಸೊಪ್ಪು, ನೆನೆಸಿದ ಶೇಂಗಾ, ಜೋಳದ ರೊಟ್ಟಿಯ ಚೂರು, ಮೇಲೆ ಮೊಲಕ್ಕೆಂದೇ ಅಂಗಡಿಯಲ್ಲಿ ಮಾರುವ ಪೆಲೆಟ್ ಕಾಳು ಬಟ್ಟಲು ತುಂಬ. ಗುಂಡ್ಯಾ ಹೆಸರಿಗೆ ತಕ್ಕಂತೆ ಗುಂಡಗಾದ. ಸುಂದ್ರವ್ವನಿಗೆ ಹೆಮ್ಮೆಯೋ ಹೆಮ್ಮೆ.

ನೀರು ಕಡಿಮೆ ಮಾಡಿದ ಎರಡು ತಿಂಗಳಿಗೆ ಗ್ಯಾಲರಿಯ ಫರಸಿಯ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಕಲೆ ಕಾಣತೊಡಗಿತು. ದಪ್ಪ ಉಚ್ಚೆ, ಒಣಗಿದರೆ ಹಿಟ್ಟು. ತಿಂದದ್ದು ಮೈಗೆ ಹತ್ತಿದ ಗುರುತು ಅಂದುಕೊಂಡು ಒರೆಸಿ ಹಾಕಿದಳು. ಆಮೇಲೆ ಕೆಳಗೆ ತೊಟ್ಟಿಕ್ಕುವುದೂ ನಿಂತಿತು. ನೀಲಾಬಾಯಿ ಖುಷಿಯಾಗಿ ಒಂದು ಬಟ್ಟಲು ಸಾಬುದಾಣಿ ಖಿಚಡಿ ಕಳಿಸಿದಳು. ಅಯ್ಯೋ, ಯಾವುದಕ್ಕೆ ಖುಷಿಪಟ್ಟರು ನೋಡಿ!

ಗುಂಡ್ಯಾ ಈಗ ಓಡುತ್ತಿರಲಿಲ್ಲ. ಮೂಲೆಯಲ್ಲಿ ಮೈ ಮುದುಡಿ, ಕಣ್ಣು ಅರ್ಧ ಮುಚ್ಚಿ ಕೂತು ಕಟಕಟ ಹಲ್ಲು ಆಡಿಸುತ್ತಿದ್ದ. ಹೊಟ್ಟೆ ತುಂಬಿದ ಆಡು ನೆರಳಲ್ಲಿ ಹಾಗೇ ಕೂರುವುದನ್ನು ಸುಂದ್ರವ್ವ ಸಾವಿರ ಸಲ ಕಂಡವಳು. ಅವಳ ಜೀವಕ್ಕೆ ನೆಮ್ಮದಿಯಾಯಿತು.

"ಗುಂಡ್ಯಾ ಹೆಂಗದಾನ ಮೌಶಿ?" ಅಂತ ಶಿವಕುಮಾರಿ ಒಂದು ಬೆಳಿಗ್ಗೆ ಬಾಗಿಲಲ್ಲಿ ಕೇಳಿದಳು.

"ಮಸ್ತ್ ಅದಾನ! ಹಗಲೆಲ್ಲಾ ಕುಂತು ಮೆಲಕು ಹಾಕತಾನ."

ಶಿವಕುಮಾರಿಗೆ ಲೋಕಲ್ ತಪ್ಪುವ ಗಡಿಬಿಡಿ. ನಕ್ಕು ಮೆಟ್ಟಿಲಿಳಿದಳು. ಆ ಮಾತಿನ ಮೇಲೆ ಒಂದು ನಿಮಿಷ ನಿಲ್ಲಲಿಲ್ಲವಲ್ಲ ಎಂದು ಅವಳು ಇವತ್ತಿಗೂ ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ.

ಹತ್ತು ದಿನ ಕಳೆದು ಒಂದು ರವಿವಾರ ಸೋನಾಲಿ ಗ್ಯಾಲರಿಯಿಂದ ಅಜ್ಜಿಯನ್ನು ಕೂಗಿ ಚೀರಿದಳು. "ಆಯೀ! ಖೂನ್! ಗುಂಡ್ಯಾಗ ಖೂನ್ ಬರ್ತಾ ಅದ!"

ಹಿಂಭಾಗವೆಲ್ಲ ಒದ್ದೆ, ಕೂದಲು ಉದುರಿ ಚರ್ಮ ಕೆಂಪಗೆ. ಗುಂಡ್ಯಾ ಸೊಂಟ ಎತ್ತಿ ತಿಣುಕುತ್ತಿದ್ದ, ಬೀಳುತ್ತಿದ್ದುದು ಒಂದೊಂದೇ ಹನಿ ರಕ್ತ. ಚೀರಾಟ ಕೇಳಿ ಓಡಿಬಂದ ಶಿವಕುಮಾರಿ ಅವನನ್ನು ಟಾವೆಲಿನಲ್ಲಿ ಸುತ್ತಿಕೊಂಡಳು, ಮೂವರೂ ಅವಳ ದವಾಖಾನೆಗೆ ರಿಕ್ಷಾ ಹತ್ತಿದರು.

ಡಾಕ್ಟರ್ ರಾಧಿಕಾ ಧಾರವಾಡದ ಮನೆತನದವರು. ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದರು. ಉಚ್ಚೆಯ ದಾರಿಗೆ ಅಡ್ಡವಾಗಿ ಶೇಂಗಾಬೀಜದಷ್ಟು ದೊಡ್ಡ ಕಲ್ಲು.

"ಅಜ್ಜೀ, ನಮಗ ಬ್ಯಾಡಾದ ಕ್ಯಾಲ್ಶಿಯಂ ಬಹಳಷ್ಟು ಹೊಟ್ಟ್ಯಾಗಿಂದನ ಹೊರಗ ಹೋಗಿಬಿಡತದ. ಮೊಲಕ್ಕ ಹಂಗಲ್ಲ. ತಿಂದದ್ದರಾಗಿನ ಕ್ಯಾಲ್ಶಿಯಂ ರಕ್ತಕ್ಕ ಸೇರತದ, ಹೆಚ್ಚಾದದ್ದು ಉಚ್ಚ್ಯಾಗ ಹೋಗಬೇಕು. ನುಗ್ಗಿ ಸೊಪ್ಪಿನಾಗ ಅದು ಭಾಳ. ಮ್ಯಾಲ ನೀರು ಕಡಿಮಿ ಆತಂದ್ರ ಒಳಗ ಕೆಸರು ಕಟ್ಟತದ, ಕೆಸರು ಕಲ್ಲಾಗತದ. ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲೇನು?"

ಸುಂದ್ರವ್ವ ನಂಬಲಿಲ್ಲ. "ಹೆಂಗ ಗೊತ್ತಾಗಬೇಕ್ರೀ? ಆರಾಮ ಇದ್ದ. ನಿನ್ನೆ ತನಕಾ ಕುಂತು ಮೆಲಕು ಹಾಕತಿದ್ದ. ಜಡ್ಡಾದ ಪ್ರಾಣಿ ಎಲ್ಲ್ಯರೆ ಮೆಲಕು ಹಾಕತದೇನು?"

ಡಾಕ್ಟರು ಶಿವಕುಮಾರಿಯ ಮುಖ ನೋಡಿದರು. ಶಿವಕುಮಾರಿ ಸುಂದ್ರವ್ವನ ಪಕ್ಕಕ್ಕೆ ಬಂದಳು.

"ಮೌಶಿ, ಮೊಲ ಮೆಲಕು ಹಾಕೂದಿಲ್ಲ. ಮೈ ಸವರಿದಾಗ ಸಣ್ಣಗ ಹಲ್ಲು ಆಡಿಸಿದರ ಅದು ಖುಷಿ. ಹಿಂಗ ಮುದುಡಿ ಕುಂತು ಕಟಕಟ ಅಂದ್ರ..." ಅವಳು ಗುಂಡ್ಯಾನ ಬೆನ್ನ ಮೇಲೆ ಕೈಯಿಟ್ಟಳು. "ನೋವಿಗೆ ಹಲ್ಲು ಕಡೀತಿದ್ದ ಮೌಶಿ."

ಸುಂದ್ರವ್ವ ಗುಂಡ್ಯಾನ ಮುಖವನ್ನೇ ನೋಡಿದಳು. ಎದುರಿಗೆ ಕೂತು ಸೊಪ್ಪು ಸೋಸುತ್ತ, ಆ ಸಪ್ಪಳ ಕೇಳಿ ಕೇಳಿ ಸಂತೋಷಪಟ್ಟಿದ್ದಳಲ್ಲ, ಅದೆಲ್ಲ ಒಂದೊಂದಾಗಿ ನೆನಪಾಯಿತು.

ಆಪರೇಶನ್ ಆಯಿತು, ಕಲ್ಲೂ ಬಂತು. ಆದರೆ ಮೂತ್ರಪಿಂಡಗಳು ಆಗಲೇ ಕೆಟ್ಟಿದ್ದವು. ಮಂಗಳವಾರ ಮಧ್ಯಾಹ್ನ ದವಾಖಾನೆಯಿಂದ ಫೋನು ಬಂತು. ಗುಂಡ್ಯಾ ಹೋದ.

ಸಾಲೆಯಿಂದ ಬಂದ ಸೋನಾಲಿ ಅಳಲಿಲ್ಲ. ಚೀಲ ಇಳಿಸಿ ಅಜ್ಜಿಯ ಎದುರಿಗೆ ಕೂತಳು. "ಆಯಿ, ಅವನಿಗೆ ಭಾಳ ದಿನ ದರ್ದ್ ಇತ್ತಾ?"

ಇಲ್ಲ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದೂ ಅದೇ. ಸುಂದ್ರವ್ವ ಮೊಮ್ಮಗಳ ಕೈ ಹಿಡಿದುಕೊಂಡಳು.

"ಇತ್ತವ್ವಾ. ಹತ್ತು ದಿನಕ್ಕಿಂತ ಹೆಚ್ಚ ಇತ್ತು. ನನ್ನ ಕಣ್ಣ ಮುಂದನ ಇತ್ತು. ಶಿವಕುಮಾರಿ ಮೊದಲ ಹೇಳಿದ್ಲು, ನಾ ಕೇಳಲಿಲ್ಲ. ನೀರು ಕಸಗೊಂಡಾಕಿನೂ ನಾನ. ತಪ್ಪು ನಂದು."

ಸೋನಾಲಿ ಕೈ ಬಿಡಿಸಿಕೊಂಡು ಒಳಗೆ ಹೋದಳು. ಎಂಟು ದಿನ ಅಜ್ಜಿಯ ಕೈಯಿಂದ ರೊಟ್ಟಿ ಇಸಿದುಕೊಳ್ಳಲಿಲ್ಲ. ಸುಂದ್ರವ್ವ ಒತ್ತಾಯ ಮಾಡಲಿಲ್ಲ. ಈಗ ಸೋನಾಲಿ ಮಾತಾಡುತ್ತಾಳೆ. ಇನ್ನೊಂದು ಮೊಲ ತರೋಣವೇ ಎಂದು ಶಿವಪುತ್ರ ಕೇಳಿದರೆ ಮಾತ್ರ ಇಬ್ಬರೂ ಎದ್ದು ಬೇರೆ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಬಚತ್ ಗಟ್‌ನ (ಹೆಂಗಸರ ಉಳಿತಾಯ ಸಂಘದ) ಸಭೆಯಲ್ಲಿ ಸುಂದ್ರವ್ವ ತಾನಾಗಿಯೇ ಎದ್ದು ನಿಂತು ಈ ಕಥೆ ಹೇಳಿದಳು. "ನನ್ನ ಹೆಸರು ಹಾಕೇ ಬರೀರಿ" ಅಂದಳು. ಈ ಕಾಗದದಲ್ಲಿ ಹಾಕಿದ್ದೇವೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಮೊಲವಿದ್ದರೆ ಈ ಕಾಗದ ಮಡಚುವ ಮೊದಲು ಎದ್ದು ಹೋಗಿ ನೋಡಿ. ಭಾರದ ಬಟ್ಟಲಲ್ಲಿ ಶುದ್ಧ ನೀರು ಹಗಲೂ ರಾತ್ರಿಯೂ ಇರಲಿ. ಕೆಳಗೆ ಸೋರುತ್ತದೆಯೇ? ಟ್ರೇ ಇಟ್ಟು ಅದರಲ್ಲಿ ಹುಲ್ಲು ಹಾಸಿ, ನೀರು ಮಾತ್ರ ಕಸಿಯಬೇಡಿ. ಒಣಹುಲ್ಲು ಬಡತನದ ಊಟವಲ್ಲ, ಮೊಲದ ಹೊಟ್ಟೆಗೆ ಅದೇ ಮುಖ್ಯ. ಅಂಗಡಿಯ ಕಾಳು ಸ್ವಲ್ಪವೇ ಸಾಕು. ನುಗ್ಗೆಸೊಪ್ಪು, ಶೇಂಗಾ, ರೊಟ್ಟಿ ಬೇಡ. ಆಡಲು, ಓಡಲು ಬಿಡಿ. ಉಚ್ಚೆ ದಿನಾಲೂ ನೋಡಿ. ಸ್ವಲ್ಪ ಮಸುಕಾಗಿದ್ದರೆ ಹೆದರಬೇಡಿ, ಸುಣ್ಣದ ಹಾಗೆ ದಪ್ಪಗಿದ್ದರೆ ಡಾಕ್ಟರಿಗೆ ತೋರಿಸಿ. ಕೆಂಪು ಕಂಡರೂ ತೋರಿಸಿ, ತಿಂದದ್ದರ ಬಣ್ಣವೋ ರಕ್ತವೋ ಅವರೇ ಹೇಳಲಿ. ತಿಣುಕಿದರೆ, ಉಚ್ಚೆ ನಿಂತರೆ, ಮುದುಡಿ ಕೂತು ಹಲ್ಲು ಕಡಿದರೆ ನಾಳೆ ಅನ್ನಬೇಡಿ, ಅದೇ ಗಳಿಗೆಗೆ ಹೊರಡಿ.

ನಾಯಿಯಾದರೆ ಕುಂಯ್‌ಗುಡುತ್ತದೆ, ಬೆಕ್ಕಾದರೆ ಅರಚುತ್ತದೆ. ಮೊಲ ಸುಮ್ಮನೆ ಕೂರುತ್ತದೆ. ಸುಮ್ಮನಿದೆ ಎಂದು ನೀವೂ ಸುಮ್ಮನಿರಬೇಡಿ.