ಆಶೀರ್ವಾದ ಸಿಕ್ಕ ಕುರಿ

ಕೇಳಿಸಿಕೊಳ್ಳಿ. ನಮ್ಮ ಬೆಟ್ಟದ ಊರು ನಾರಿನ್‌ನಲ್ಲಿ ಒಂದು ಜೀವವನ್ನು ಅಡುಗೆ ಹಂಡೆಯ ಬಾಯಿಂದ ಒಂದೇ ಒಂದು ಡೈಲಾಗಿನಲ್ಲಿ ವಾಪಸ್ ಎಳೆದು ತಂದ ಗಂಡು ಯಾರು ಅಂತ ಯಾರಾದರೂ ಕೇಳಿದರೆ, ನನ್ನ ಹೆಸರು ಹೇಳಿ. ಎಲ್ದಾರ್. ಜೀವಶಾಸ್ತ್ರ, ಮೂರನೇ ವರ್ಷ. ಎರಡು ವಿಷಯ ಬಾಕಿ ಇವೆ, ಅದು ಇಲ್ಲಿ ಮುಖ್ಯವಲ್ಲ. ಹೀರೋನ ಅಂಕಪಟ್ಟಿಯನ್ನು ಯಾವ ಸಿನಿಮಾದಲ್ಲಾದರೂ ತೋರಿಸಿದ್ದಾರೆಯೇ?

ಆ ಜೀವದ ಹೆಸರು ಅಕ್‌ಬಾಶ್. ಜಾತಿ, ಕುರಿ. ಮೈಯೆಲ್ಲ ಕಂದು, ತಲೆ ಮಾತ್ರ ಬಿಳಿ, ಬಾಲದ ಜಾಗದಲ್ಲಿ ದಿಂಬಿನಷ್ಟು ಕೊಬ್ಬು. ತಾಯಿ ಸತ್ತ ಮರಿಯನ್ನು ನನ್ನ ಸಹಪಾಠಿ ಬೆರ್ಮೆತ್ ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ವಿಶ್ವವಿದ್ಯಾಲಯದ ಸಂಶೋಧನಾ ದಿನಕ್ಕೆ ಬೇರೆಯವರೆಲ್ಲ ಗಾಜಿನ ತಟ್ಟೆಯಲ್ಲಿ ಬೂಷ್ಟು ಬೆಳೆಸುತ್ತಿದ್ದಾಗ, ಅವಳು ಅಕ್‌ಬಾಶ್ ಮೇಲೆಯೇ ಪ್ರಯೋಗ ಶುರು ಮಾಡಿದಳು. ಕುರಿಗೆ ಮುಖ ನೆನಪಿರುತ್ತದೆಯೇ? ಇಷ್ಟೇ ಪ್ರಶ್ನೆ. ಎರಡು ರಟ್ಟಿನ ಹಲಗೆ. ಒಂದಕ್ಕೆ ಬೆರ್ಮೆತ್ ಫೋಟೊ ಅಂಟಿಸಿತ್ತು, ಇನ್ನೊಂದಕ್ಕೆ ಯಾರೋ ಅಪರಿಚಿತರದು. ಬೆರ್ಮೆತ್ ಮುಖದ ಹತ್ತಿರ ಹೋದರೆ ಒಂದು ಹಿಡಿ ಬಾರ್ಲಿ. ನಾಲ್ಕು ತಿಂಗಳ ಕೊನೆಗೆ ಅಕ್‌ಬಾಶ್ ನೂರಕ್ಕೆ ಎಂಬತ್ತೊಂದು ಸಲ ಸರಿಯಾಗಿ ಹೋಗುತ್ತಿತ್ತು. ಅಷ್ಟು ನನಗೆ ಯಾವ ಪರೀಕ್ಷೆಯಲ್ಲೂ ಬಂದಿಲ್ಲ. ಬಾರ್ಲಿ ಹಿಡಿದು ನಿಲ್ಲುವುದು ನನ್ನ ಕೆಲಸ. ಅದಕ್ಕೇ ಪೋಸ್ಟರಿನಲ್ಲಿ ನನ್ನ ಹೆಸರು ಎರಡನೆಯದು, ಅಕ್ಷರವೂ ಸ್ವಲ್ಪ ಚಿಕ್ಕದು.

ಸಂಶೋಧನಾ ದಿನ ಬೆಳಿಗ್ಗೆ ಬೆರ್ಮೆತ್ ಮುಖ ಊದಿಸಿಕೊಂಡು ನಿಂತಿದ್ದಳು.

"ನಮ್ಮ ಮೇಜನ್ನ ಕಂಬದ ಹಿಂದೆ ಹಾಕಿದಾರೆ ಕಣೋ. ಆ ಕಡೆ ಬರೋರು ಅಂದ್ರೆ ಟಾಯ್ಲೆಟ್ಟಿಗೆ ಹೋಗೋರು ಮಾತ್ರ."

"ಹೀರೋ ಎಲ್ಲಿ ನಿಲ್ತಾನೋ ಅದೇ ಸ್ಟೇಜು ಕಣೇ."

"ಹೀರೋ ಇವತ್ತು ಬಾಗಿಲಲ್ಲಿ ನಿಲ್ಬೇಕಂತೆ. ಅತಿಥಿಗಳ ಕೋಟು ಇಸ್ಕೊಂಡು ನೇತುಹಾಕೋ ಡ್ಯೂಟಿ ನಿಂದು. ಬುರುಲ್ ಎಜೆಕೆ ಹೇಳಿದ್ರು."

ಬುರುಲ್ ಎಜೆಕೆ ನಮ್ಮ ಮಾರ್ಗದರ್ಶಕಿ, ಎಜೆಕೆ ಅಂದರೆ ಅಕ್ಕ. ಅವರು ಕನ್ನಡಕ ತೆಗೆದರೆ ಎದುರಿಗಿರುವವನ ಕಥೆ ಮುಗಿಯಿತು ಅಂತ ಅರ್ಥ.

"ಹಾಗಾದ್ರೆ ಅಕ್‌ಬಾಶ್‌ನೇ ಕರ್ಕೊಂಡು ಬರೋಣ," ಅಂದೆ. "ಪ್ರಯೋಗದ ವಿಡಿಯೊ ನೋಡಿ ಯಾರೇ ಸಿಳ್ಳೆ ಹೊಡೀತಾರೆ? ಹೀರೋ ಎಂಟ್ರಿ ಅಂದ್ರೆ ಹೀರೋನೇ ಬರ್ಬೇಕು."

"ಜೀವಂತ ಪ್ರಾಣಿ ತರಕೂಡದು ಅಂತ ಬಾಗಿಲಲ್ಲೇ ಬರ್ದಿದೆ. ನಿನ್ನನ್ನ ಒಳಗೆ ಬಿಟ್ಟಿದ್ದೇ ಹೆಚ್ಚು. ಬಾಯಿ ಮುಚ್ಕೊಂಡು ಕೋಟು ಹಿಡ್ಕೋ."

ನಾನು ಬಾಯಿ ಮುಚ್ಚಿಕೊಂಡೆ. ಯಾಕೆಂದರೆ ಅಕ್‌ಬಾಶ್ ಆಗಲೇ ಕೋಟುಗಳ ಕೋಣೆಯಲ್ಲಿತ್ತು. ನಮ್ಮಮ್ಮನ ಶಾಂಪೂ ಹಾಕಿ ತೊಳೆದು, ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿ, ಕೊನೆಯ ಸಾಲಿನ ಕೋಟುಗಳ ಹಿಂದೆ ನಿಲ್ಲಿಸಿದ್ದೆ.

ಹತ್ತೂವರೆಗೆ ಮುಖ್ಯ ಅತಿಥಿ ಬಂದರು. ಕಸಿಮಾಲಿ ತಾತ. ಎಂಬತ್ತನಾಲ್ಕು ವರ್ಷ, ಬೆಟ್ಟದ ಪ್ರಾಣಿಗಳ ಮೇಲೆ ಐವತ್ತು ವರ್ಷ ಕೆಲಸ ಮಾಡಿದ ದೊಡ್ಡ ವಿಜ್ಞಾನಿ. ನಮ್ಮ ಮೇಷ್ಟ್ರುಗಳಿಗೆಲ್ಲ ಅವರೇ ಮೇಷ್ಟ್ರು. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಏಪ್ರಿಲ್ ತಿಂಗಳು ನೋಡಿ, ಹೊರಗೆ ಹಿಮ ಬೀಳುತ್ತಿದ್ದರೂ ಕ್ಯಾಲೆಂಡರಿನ ಪ್ರಕಾರ ಚಳಿಗಾಲ ಮುಗಿದಿತ್ತು. ಕಟ್ಟಡ ಬೆಚ್ಚಗಿಡುವ ಬಿಸಿನೀರನ್ನು ಹಿಂದಿನ ವಾರವೇ ನಿಲ್ಲಿಸಿದ್ದರು. ಐದೇ ನಿಮಿಷಕ್ಕೆ ತಾತನ ಹಲ್ಲು ಕಟಕಟ ಅಂದವು, ಕೋಟು ವಾಪಸ್ ತರಿಸಿಕೊಂಡು ಹಾಕಿಕೊಂಡರು.

ಬಾಗಿಲ ಸಂದಿಯಿಂದ ನೋಡಿದೆ. ತಾತ ಮುಂದಿನ ಸಾಲಿನ ಮೇಜುಗಳನ್ನು ನೋಡಿದರು, ಬೂಷ್ಟು ನೋಡಿ ತಲೆಯಾಡಿಸಿದರು, ಆಮೇಲೆ ಸೀದಾ ಚಹಾದ ಮೇಜಿಗೆ ಹೋಗಿ ಕುಳಿತರು. ಕಂಬದ ಹಿಂದೆ ಬೆರ್ಮೆತ್ ಕೋಲು ಹಿಡಿದು ಪೋಸ್ಟರಿಗೇ ಪಾಠ ಮಾಡುವವಳ ಹಾಗೆ ನಿಂತಿದ್ದಳು. ಹಿನ್ನೆಲೆ ಸಂಗೀತ ತನ್ನಿಂದ ತಾನೇ ಕಿವಿಯಲ್ಲಿ ಶುರುವಾಯಿತು.

ಎರಡೂ ಬಾಗಿಲನ್ನು ಒದ್ದೆ.

"ದಾರಿ ಬಿಡಿ! ಯಾರಿಗೋಸ್ಕರ ಇಷ್ಟು ಹೊತ್ತು ಕಾಯ್ತಾ ಇದ್ರೋ, ಅವರು ಬಂದಿದಾರೆ!"

ಇನ್ನೂರು ಜನ ತಿರುಗಿದರು. ಹಗ್ಗ ಹಿಡಿದು ನಾನು, ಶಾಂಪೂ ಘಮಘಮಿಸುವ ಅಕ್‌ಬಾಶ್, ನಿಧಾನ ನಡಿಗೆ. ಕುರಿ ಅತಿಥಿಯ ಕಡೆಗೇ ಜಗ್ಗುತ್ತಿತ್ತು. ಎಷ್ಟು ಮರ್ಯಾದೆ ಕಲಿತಿದೆ ಅಂದುಕೊಂಡೆ. ತಾತನ ಮೂರು ಹೆಜ್ಜೆ ಮುಂದೆ ನಿಲ್ಲಿಸಿದೆ. ಇನ್ನೇನು ಸಂಶೋಧನೆಯ ಹೆಸರು ಹೇಳಬೇಕು, ತಾತ ಚಹಾ ಬಟ್ಟಲು ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಎರಡೂ ಅಂಗೈ ಬಿಚ್ಚಿ ಮೇಲೆತ್ತಿದರು.

ಆಗ ನನಗೆ ಹೊಳೆಯಿತು. ತೊಳೆದ ಕುರಿ. ಹಿರಿಯ ಅತಿಥಿ. ಅತಿಥಿಯ ಮುಂದೆ ತಂದು ನಿಲ್ಲಿಸಿದ ಹುಡುಗ. ನಮ್ಮ ನಾಡಿನಲ್ಲಿ ಈ ದೃಶ್ಯಕ್ಕೆ ಇರುವುದು ಒಂದೇ ಅರ್ಥ. ಕೊಯ್ಯುವ ಮೊದಲು ಆಶೀರ್ವಾದ.

"ಈ ಮನೆಗೆ ಒಳ್ಳೇದಾಗ್ಲಿ," ತಾತ ಶುರು ಮಾಡಿದರು. "ಮಕ್ಳ ತಲೇಲಿ ಬುದ್ಧಿ ನಿಲ್ಲಲಿ. ನಿಮ್ಮ ಹಂಡೆ ಯಾವತ್ತೂ ತಣ್ಣಗಾಗ್ದೇ ಇರ್ಲಿ. ಓಮಿಯಿನ್!"

ಹಿರಿಯರು ಕೈಯೆತ್ತಿದರೆ ನಮ್ಮ ಕೈ ನಮ್ಮ ಮಾತು ಕೇಳುವುದಿಲ್ಲ. ಇನ್ನೂರು ಜನ ಅಂಗೈ ಬಿಚ್ಚಿದರು, "ಓಮಿಯಿನ್!", ಅಂದರೆ ಹಾಗೇ ಆಗಲಿ ಅಂದರು, ಮುಖ ಸವರಿಕೊಂಡರು. ಬೆರ್ಮೆತ್ ಕೂಡ. ಕೈ ಕೆನ್ನೆಯವರೆಗೆ ಬಂದಾಗ ಅವಳಿಗೆ ಅರ್ಥವಾಯಿತು. ಬೆರಳುಗಳ ಮೇಲೆ ಎರಡು ಕಣ್ಣು ದೊಡ್ಡವಾಗುತ್ತಾ ಹೋದವು.

ಆಶೀರ್ವಾದ ಆದ ಕುರಿಯನ್ನು ವಾಪಸ್ ಕೊಂಡೊಯ್ದರೆ ಅತಿಥಿಯ ಕೆನ್ನೆಗೆ ಬಾರಿಸಿದ ಹಾಗೆ. ಯಾರೂ ಮಾಡಿದ್ದಿಲ್ಲ.

ವಿಶ್ವವಿದ್ಯಾಲಯದ ಮುಖ್ಯಸ್ಥ ರೆಕ್ಟರ್ ಸಾಹೇಬರ ಮುಖ ಅರಳಿತ್ತು. "ಬುರುಲ್, ಇದು ಯಾರ ಐಡಿಯಾ? ನಾನು ತಿಂಡಿಗೆ ಬರೀ ಸಾಮ್ಸಾ ತರಿಸಿ ನಾಚ್ಕೊಂಡು ಕೂತಿದ್ದೆ!"

ಬುರುಲ್ ಎಜೆಕೆ ನನ್ನ ಕಡೆ ನೋಡಿ ಮೆಲ್ಲಗೆ ಕನ್ನಡಕ ತೆಗೆದರು.

ಅಷ್ಟರಲ್ಲಿ ಕ್ಯಾಂಟೀನಿನ ಶಾರ್ಷೆನ್ ಅಣ್ಣ ಅಪ್ರನ್ನಿಗೆ ಕೈ ಒರೆಸಿಕೊಂಡು ಹಾಜರಾದ. ಅಕ್‌ಬಾಶ್ ಹಿಂದೆ ಹೋಗಿ ಬಾಲವನ್ನು ತೂಗಿ ನೋಡಿದ.

"ಅಬ್ಬಬ್ಬಾ! ಬಾಲಾನೇ ಮೂರು ಕೆಜಿ. ನೀರು ಕಾಯೋಕೆ ಇಟ್ಟೇ ಬಂದಿದೀನಿ."

ಬೆರ್ಮೆತ್ ಕಂಬದ ಹಿಂದಿನಿಂದ ಓಡಿ ಬಂದು ಕುರಿಯ ಕೊರಳು ತಬ್ಬಿಕೊಂಡಳು. "ಅಣ್ಣಾ, ಇದು ಮಾಂಸ ಅಲ್ಲ! ಇದು ನನ್ನ ಪ್ರಾಜೆಕ್ಟು!"

"ಇರ್ಲಿ ತಂಗಿ. ಪ್ರಾಜೆಕ್ಟಿಗೂ ನಾಲ್ಕು ಈರುಳ್ಳಿ ಹಾಕಿದ್ರೆ ರುಚಿಯಾಗುತ್ತೆ."

ಆಗ, ಸ್ನೇಹಿತರೇ, ಆಗ ನಾನು ಮುಂದೆ ಬಂದೆ. ಕೂದಲು ಹಿಂದಕ್ಕೆ ತಳ್ಳಿದೆ. ಹೇಳಿದೆ:

"ತಾತಾ! ಪದ್ಧತಿ ಪ್ರಕಾರ ಕುರಿ ತಲೆ ಅತಿಥಿಗೆ ಸೇರಿದ್ದು. ಅದು ನಿಮ್ದೇ, ಇಲ್ಲ ಅನ್ನಲ್ಲ. ಆದ್ರೆ ಆ ತಲೆ ಒಳಗೆ ಇರೋದು ನಮ್ದು. ನಾಲ್ಕು ತಿಂಗಳು ಕಷ್ಟಪಟ್ಟು ತುಂಬಿದೀವಿ. ಬೇಯಿಸೋಕೆ ಮುಂಚೆ ಅದನ್ನ ಒಂದೇ ಒಂದು ಪ್ರಶ್ನೆ ಕೇಳಿ. ಒಂದೇ ಒಂದು!"

ತಾತ ಗಡ್ಡ ನೀವಿಕೊಂಡರು.

"ಎಪ್ಪತ್ತು ವರ್ಷದಿಂದ ಕುರಿ ತಿಂತಾ ಇದೀನಿ. ಒಂದನ್ನೂ ಏನೂ ಕೇಳಿಲ್ಲ, ತಪ್ಪೇ. ಸರಿ ಉತ್ತರ ಕೊಟ್ರೆ ಏನು?"

"ಸರಿ ಉತ್ತರ ಕೊಟ್ರೆ ಅದೂ ಇಲ್ಲಿನ ವಿದ್ಯಾರ್ಥಿ ಆಯ್ತು ತಾತಾ," ಅಂದಳು ಬೆರ್ಮೆತ್. "ವಿದ್ಯಾರ್ಥೀನ ಯಾರಾದ್ರೂ ತಿಂತಾರಾ?"

"ಒಂದೊಂದ್ಸಲ ತಿಂದ್ಬಿಡೋಣ ಅನ್ಸುತ್ತೆ," ಅಂದರು ಬುರುಲ್ ಎಜೆಕೆ, ನನ್ನನ್ನೇ ನೋಡುತ್ತಾ.

ಎರಡು ಹಲಗೆ ನಿಲ್ಲಿಸಿದರು. ಎಡಕ್ಕೆ ಬೆರ್ಮೆತ್ ಫೋಟೊ, ಬಲಕ್ಕೆ ಅಪರಿಚಿತ. ಶಾರ್ಷೆನ್ ಅಣ್ಣ ತೋಳು ಮಡಚಿಕೊಂಡು ಪಕ್ಕದಲ್ಲೇ ನಿಂತ. ಹಗ್ಗ ಬಿಟ್ಟರು.

ಅಕ್‌ಬಾಶ್ ಎಡಕ್ಕೆ ಒಂದು ಹೆಜ್ಜೆ ಇಟ್ಟಿತು. ಎರಡು. ಕುರಿ ನಿಂತಿತು. ಮೂಗು ಮೇಲೆತ್ತಿತು. ಆಮೇಲೆ ಎರಡೂ ಹಲಗೆಗಳ ನಡುವೆ ತೂರಿ, ಪ್ರಪಂಚದಲ್ಲಿ ಬೇರೆ ಮುಖಗಳೇ ಇಲ್ಲವೆಂಬಂತೆ ಸೀದಾ ನಡೆದು ಹೋಗಿ, ಕಸಿಮಾಲಿ ತಾತನ ತೊಡೆಯ ಮೇಲೆ ತಲೆಯಿಟ್ಟು, ಮುಖವನ್ನು ಕೋಟಿನೊಳಗೆ ಹುದುಗಿಸಿತು.

"ಅಕ್‌ಬಾಶ್! ನಾನು ಇಲ್ಲಿದೀನಿ ಕಣೋ! ಬಾಟಲಿ ಹಾಲು ಕುಡಿಸಿದ್ದು ನಾನು!"

"ತಪ್ಪು ಉತ್ತರ," ಅಂದ ಶಾರ್ಷೆನ್ ಅಣ್ಣ, ಹಗ್ಗ ಎತ್ತಿಕೊಂಡ.

"ನಿಂತ್ಕೋ," ಅಂದರು ತಾತ.

ಅವರ ಒಂದು ಕೈ ಕುರಿಯ ತಲೆಯ ಮೇಲಿತ್ತು. ಇನ್ನೊಂದು ಕೋಟಿನ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಸುಮ್ಮನೆ ಒಂದು ಸಲ ನನ್ನ ಕಡೆ ನೋಡಿದರು.

"ರೆಕ್ಟರೇ, ಈ ಕುರೀನ ಯಾರಿಗೆ ಕೊಟ್ರಿ?"

"ನಿಮಗೇ ತಾತಾ, ನಿಮಗೇ!"

"ಹಾಗಾದ್ರೆ ಇದು ನಂದು. ಅದಕ್ಕೂ ಗೊತ್ತಾಗಿದೆ ನೋಡಿ, ಯಜಮಾನನ ಹತ್ರ ಬಂದ್ಬಿಡ್ತು. ನನ್ನ ಕುರೀನ ಕೊಯ್ಯೋಕೆ ನೀವ್ಯಾರಪ್ಪಾ? ಈ ಹುಡುಗಿ ಹತ್ರ ಬಿಡ್ತೀನಿ. ಹಲ್ಲೆಲ್ಲ ಉದುರಿ, ತಾನಾಗೇ ಸಾಯೋವರೆಗೂ ಇವಳೇ ಸಾಕ್ಲಿ."

ಮತ್ತೆ ಅಂಗೈ ಬಿಚ್ಚಿದರು. ಈ ಸಲದ ಓಮಿಯಿನ್‌ಗೆ ಕಿಟಕಿ ಗಾಜು ನಡುಗಿತು.

ನಮಗೆ ಬಹುಮಾನ ಬರಲಿಲ್ಲ. 'ಕುರಿ ಎಲ್ಲರೆದುರು ತಪ್ಪು ಉತ್ತರ ಕೊಟ್ಟಿದೆ. ಅಲ್ಲದೆ ಇರುವುದು ಒಂದೇ ಕುರಿ' ಅಂತ ತೀರ್ಪುಗಾರರು ಬರೆದರು. ಮೊದಲ ಬಹುಮಾನ ಬೂಷ್ಟಿಗೆ. ಕಾದ ನೀರಿಗೆ ಶಾರ್ಷೆನ್ ಅಣ್ಣ ಆಲೂಗಡ್ಡೆ ಸುರಿದ, ಬೈದುಕೊಂಡು.

ಇಲ್ಲಿಗೇ ಪರದೆ ಇಳಿಸಿ ಮನೆಗೆ ಹೋಗಬಹುದಿತ್ತು. ಆದರೆ ಬೆರ್ಮೆತ್ ಬಿಡುತ್ತಿಲ್ಲ. ಕುರಿ ತನ್ನನ್ನು ಬಿಟ್ಟು ತಾತನ ಹತ್ತಿರ ಯಾಕೆ ಹೋಯಿತು ಅಂತ ಮೂರು ದಿನ ಯೋಚಿಸಿ, 'ಕುರಿಗಳಿಗೆ ಮುದುಕರ ಮುಖದ ಮೇಲೆ ನಂಬಿಕೆ ಜಾಸ್ತಿ' ಅಂತ ಹೊಸ ಸಿದ್ಧಾಂತ ಕಟ್ಟಿದ್ದಾಳೆ. ಪಾರ್ಕಿನಲ್ಲಿ ಚದುರಂಗ ಆಡುವವರು, ಬಜಾರಿನಲ್ಲಿ ಟೋಪಿ ಮಾರುವವರು, ಬಸ್ಸಿಗೆ ಕಾಯುವವರು, ಇಲ್ಲಿಯವರೆಗೆ ನಲವತ್ತೊಂದು ಮುದುಕರ ಫೋಟೊ ತೆಗೆದಿದ್ದಾಳೆ. ಅಕ್‌ಬಾಶ್ ಒಬ್ಬರನ್ನೂ ಮೂಸುತ್ತಿಲ್ಲ. ನಿನ್ನೆ ಬಂದು ಅಂದಳು:

"ಗಡ್ಡ ಇರೋ ಮುಖ, ಗಡ್ಡ ಇಲ್ದಿರೋ ಮುಖ, ಒಬ್ಬರದೇ ಎರಡೂ ಬೇಕು ಕಣೋ. ನಿಮ್ಮ ತಾತನ ಗಡ್ಡ ಬೋಳಿಸು."

ನಮ್ಮ ತಾತ ಆ ಗಡ್ಡವನ್ನು ಮೂವತ್ತು ವರ್ಷದಿಂದ ಬೆಳೆಸುತ್ತಿದ್ದಾರೆ. ಅದಕ್ಕೇ ಈಗ ತಪ್ಪೊಪ್ಪಿಕೊಳ್ಳುತ್ತಿದ್ದೇನೆ.

ಕುರಿ ತಲೆಯ ಆ ಡೈಲಾಗ್ ಹೇಳಿದ್ದು ನಾನಲ್ಲ. ಬೆರ್ಮೆತ್. ಕುರಿಯ ಕೊರಳು ತಬ್ಬಿಕೊಂಡೇ ಹೇಳಿದಳು. ನಾನು ಅವತ್ತು ಹೇಳಿದ ಕೊನೆಯ ಮಾತು ಮೊದಲ ಆಶೀರ್ವಾದದ 'ಓಮಿಯಿನ್'. ಎಲ್ಲರಿಗಿಂತ ಜೋರಾಗಿ ಹೇಳಿದ್ದೆ. ಆಮೇಲೆ ದನಿ ಹೊರಡಲಿಲ್ಲ. ಕಂಬದ ಹಿಂದೆ ಹೋಗಿ ನಿಂತಿದ್ದೆ.

ಇನ್ನೊಂದು. ಎಂಟ್ರಿಗೆ ಮೊದಲು ಕೋಟುಗಳ ಕೋಣೆಯಲ್ಲಿ ಅಕ್‌ಬಾಶ್ ಅರಚದಿರಲಿ ಅಂತ ಬಾರ್ಲಿ ತಿನ್ನಿಸುತ್ತಿದ್ದೆ. ಬುರುಲ್ ಎಜೆಕೆಯ ಬೂಟಿನ ಸದ್ದು ಕೇಳಿಸಿತು. ಕೈಯಲ್ಲಿ ಬಾರ್ಲಿ ಚೀಲ ಕಂಡರೆ ಕುರಿಯೂ ಸಿಗುತ್ತದೆ, ನಾನೂ ಸಿಗುತ್ತೇನೆ. ಎದುರಿಗೆ ಸಿಕ್ಕ ಕೋಟಿನ ಜೇಬಿಗೆ ಅಷ್ಟನ್ನೂ ಸುರಿದೆ. ಎಜೆಕೆ ಬಂದವರೇ, "ತಾತನಿಗೆ ಚಳಿಯಂತೆ," ಅಂದು ಅದೇ ಕೋಟನ್ನು ಎತ್ತಿಕೊಂಡು ಹೋದರು. ಕುರಿಯನ್ನು ಉಳಿಸಬೇಕು ಅಂತ ಸುರಿದದ್ದಲ್ಲ. ಬೈಗುಳ ತಪ್ಪಿಸಿಕೊಳ್ಳಲು ಸುರಿದದ್ದು.

ಕಸಿಮಾಲಿ ತಾತನಿಗೆ ಗೊತ್ತಾಗಿತ್ತು. ಹೊರಡುವಾಗ ಬಾಗಿಲಲ್ಲಿ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಅವರು ಕೈ ಬಿಟ್ಟಾಗ ನನ್ನ ಅಂಗೈಯಲ್ಲಿ ಏಳೆಂಟು ಬಾರ್ಲಿ ಕಾಳು ಇದ್ದವು.

"ಮಗಾ," ಅಂದರು ಮೆಲ್ಲಗೆ, "ಪ್ರಯೋಗ ಶುರು ಮಾಡೋಕೆ ಮುಂಚೆ ಎಲ್ಲರ ಜೇಬೂ ಒಂದ್ಸಲ ನೋಡ್ಕೋಬೇಕು. ಇವತ್ತು ನಾನು ನೋಡ್ಕೊಂಡೆ, ನಿನ್ನ ಪುಣ್ಯ."

ಇಷ್ಟೇ ನಡೆದದ್ದು. ಬೆರ್ಮೆತ್, ಕುರಿ ನಿನ್ನನ್ನ ಮರ್ತಿಲ್ಲ ಕಣೇ, ಅದಕ್ಕೆ ಹಸಿವಾಗಿತ್ತು ಅಷ್ಟೇ. ನಮ್ಮ ತಾತನ ಗಡ್ಡ ಬಿಟ್ಬಿಡು.