ಅರಿಶಿನ ಹಚ್ಚುವ ಕೈ

ನಾಗರಾಜು ಪ್ಲಾಸ್ಟಿಕ್ ಕುರ್ಚಿಯನ್ನು ದರದರ ಎಳೆದು ತಂದು ಮಲಗುವ ಕೋಣೆಯ ಬಾಗಿಲಿಗೆ ಅಡ್ಡ ಹಾಕಿದರು. ಯಾರಾದರೂ ಏನಾದರೂ ಅನ್ನುವ ಮೊದಲೇ ಅದರ ಮೇಲೆ ಕೂತುಬಿಟ್ಟರು.

"ಯಾರೂ ಒಳಗೆ ಹೋಗ್ಬೇಡಿ."

ಒಳಗೆ ಮಂಚದ ಮೇಲೆ ಅವರ ಹೆಂಡತಿ ಯಶೋದಮ್ಮ. ಬೆಳಗಿನ ಜಾವ ಆಕೆಯ ಉಸಿರು ನಿಂತಾಗ ನಾಗರಾಜು ಮೊದಲು ಮಾಡಿದ ಕೆಲಸ ಮಗನನ್ನು ಕೂಗುವುದಲ್ಲ, ಆಕೆಯ ಕಣ್ಣಿಗೆ ಕಪ್ಪು ಕನ್ನಡಕ ಹಾಕುವುದು. ಆಮೇಲೆಯೇ ಮನೆಯವರೆಲ್ಲ ಎದ್ದರು, ಅತ್ತರು, ಫೋನು ಮಾಡಿದರು. ಈಗ ಅತ್ತಿಗುಪ್ಪೆಯ ಆ ಇಕ್ಕಟ್ಟು ರಸ್ತೆಗೆ ಶಾಮಿಯಾನ ಬಿದ್ದಿತ್ತು. ಹಿತ್ತಲಲ್ಲಿ ಹಂಡೆ ನೀರು ಕಾದು, ಹೆಂಗಸರು ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ನಿಂತಿದ್ದರು.

"ಮಾವ, ಅತ್ತೆಗೆ ಸ್ನಾನ ಮಾಡಿಸ್ಬೇಕಂತೆ," ಎಂದಳು ಸೊಸೆ ಬಿಂದುಶ್ರೀ, ಮೆಲ್ಲಗೆ.

"ಮೈಗೆ ನೀವು ನೀರು ಹಾಕಿ. ಮುಖ ನಾನು ತೊಳೀತೀನಿ. ಕನ್ನಡಕ ಯಾರೂ ತೆಗಿಯೋ ಹಾಗಿಲ್ಲ."

ಹೆಂಗಸರು ಮುಖ ಮುಖ ನೋಡಿಕೊಂಡರು. ಮುತ್ತೈದೆಯಾಗಿ ಹೋದವಳಿಗೆ ತವರಿನಿಂದ ಸೀರೆ ಬರಬೇಕು, ತವರಿನ ಹೆಣ್ಣೇ ಮುಖದ ತುಂಬ ಅರಿಶಿನ ಹಚ್ಚಬೇಕು, ಆಮೇಲೆಯೇ ಹೆಣ ಎತ್ತುವುದು. ಇದು ಅವರ ಕಡೆಯ ಪದ್ಧತಿ. ಗಂಡನಾದವನಿಗೆ ಅಲ್ಲಿ ಅಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ನಾಗರಾಜು ಅಳುತ್ತಲೂ ಇರಲಿಲ್ಲ. ಏಳುತ್ತಿದ್ದರು, ಕೂರುತ್ತಿದ್ದರು, ಬೀದಿಯ ಕಡೆ ಕತ್ತು ಚಾಚಿ ನೋಡುತ್ತಿದ್ದರು. ಬಾಪೂಜಿನಗರದ ಅಂಗಡಿಯಲ್ಲಿ ಬಹುಕಾಲದಿಂದ ಮೋಟಾರಿಗೆ ತಾಮ್ರದ ತಂತಿ ಸುತ್ತಿದ ಬೆರಳುಗಳು ಈಗ ಪಂಚೆಯ ಒಂದೆಳೆ ದಾರವನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು.

"ಏನೋ ನಾಗರಾಜು ಇದು ಹುಡುಗಾಟ?" ದೊಡ್ಡಪ್ಪನ ಮಗ ಹನುಮಯ್ಯ ಗಡಿಯಾರ ನೋಡುತ್ತಲೇ ಬಂದರು. "ಅಲ್ಲಿ ಗುಂಡಿ ತೋಡಾಯ್ತು. ರಾಹುಕಾಲಕ್ಕೆ ಮುಂಚೆ ಎತ್ಬೇಕು. ಕೆಂಗೇರಿಯಿಂದ ನಿನ್ನ ನಾದಿನಿ ಬರ್ತಾ ಅವ್ಳೆ. ಅವಳ್ಗೂ ಹಿಂಗೇ ಬಾಗ್ಲು ಕಾಯ್ತೀಯಾ?"

ನಾಗರಾಜು ಹೆದರಿದ್ದು ಆ ನಾದಿನಿಗೇ.

•

ಯಶೋದಮ್ಮನ ಕೈಗುಣ ಒಳ್ಳೆಯದೆಂದು ನೆಂಟರಲ್ಲೆಲ್ಲ ಹೆಸರಿತ್ತು. ಯಾರ ಮನೆಯ ಮದುವೆಯಾದರೂ ಹೆಣ್ಣಿಗೆ ಮೊದಲ ಅರಿಶಿನ ಆಕೆಯದೇ. ಕರೆಯುವುದು ಸ್ವಲ್ಪ ತಡವಾದರೆ ಬಿಂಕ ಮಾಡುತ್ತಿದ್ದರು, ಆಮೇಲೆ ಎಲ್ಲರಿಗಿಂತ ಮೊದಲೇ ಹೋಗಿ ಕೂರುತ್ತಿದ್ದರು. ಅಂಥವರು ಒಂದು ಮದುವೆಯಲ್ಲಿ ಹುಡುಗಿಯ ಹಣೆಗಿಡಬೇಕಾದ ಕುಂಕುಮವನ್ನು ಹುಬ್ಬಿನ ಮೇಲಿಟ್ಟರು. ಒರೆಸಿ ಮತ್ತೆ ಇಟ್ಟರೂ ಹುಬ್ಬಿನ ಮೇಲೆಯೇ. ಎಲ್ಲರೂ ನಕ್ಕರು, ಯಶೋದಮ್ಮನೂ ನಕ್ಕರು. ಮನೆಗೆ ಬಂದು ಗಂಡನಿಗೆ ಹೇಳಿದರು: "ಯಾಕೋ ಎರಡೆರಡು ಹಣೆ ಕಾಣ್ತವೆ ಕಣ್ರೀ."

ಕೆಲವೇ ತಿಂಗಳಲ್ಲಿ ಎಡಗಣ್ಣು ಹೊರಕ್ಕೆ ಉಬ್ಬಿತು.

"ಗಡ್ಡೆ ಕಣ್ಣಿನ ಗೂಡೊಳಗೆಲ್ಲ ಹಬ್ಬಿದೆ," ಎಂದರು ಡಾಕ್ಟರು. "ಗಡ್ಡೆ ಮಾತ್ರ ತೆಗೆದ್ರೆ ಬೇರು ಉಳ್ಕೊಳ್ಳುತ್ತೆ. ಕಣ್ಣು, ರೆಪ್ಪೆ, ಸುತ್ತ ಇರೋದು ಎಲ್ಲಾ ತೆಗೀಬೇಕಾಗುತ್ತೆ."

"ಆಮೇಲೆ ಅಲ್ಲಿ ಏನಿರುತ್ತೆ ಸಾರ್?" ನಾಗರಾಜು ಕೇಳಿದರು.

"ತೊಡೆಯಿಂದ ಚರ್ಮ ತೆಗೆದು ಒಳಗೆ ಹೊದಿಸ್ತೀವಿ. ಗುಳಿ ಹಾಗೇ ಇರುತ್ತೆ."

ಆಗ ಯಶೋದಮ್ಮ ಕೇಳಿದ್ದು ಜೀವದ ಮಾತಲ್ಲ. "ಇಂದ್ರನ ಮಗಳ ಮದ್ವೆ ಐತೆ. ಅಷ್ಟೊತ್ತಿಗೆ ಸರಿಹೋಗುತ್ತಾ?"

ಇಂದ್ರಮ್ಮ ಆಕೆಯ ಒಬ್ಬಳೇ ತಂಗಿ. ತಾಯಿ ಬೇಗ ತೀರಿಕೊಂಡ ಮೇಲೆ ಎತ್ತಿ ಆಡಿಸಿ, ತಲೆ ಬಾಚಿ, ಕೊನೆಗೆ ಹಸೆಯ ಮೇಲೆ ಕೂರಿಸಿ ಅರಿಶಿನ ಹಚ್ಚಿದ್ದೂ ಈ ಅಕ್ಕನೇ.

•

ಇಂದ್ರಮ್ಮ ಬಂದರು. ಬಾಗಿಲಲ್ಲೇ ಜೋರಾಗಿ ಒಮ್ಮೆ ಅತ್ತು, ಮೂಗು ಒರೆಸಿಕೊಂಡು, ಸೀರೆಯ ಕವರನ್ನು ಎದೆಗೆ ಅವುಚಿಕೊಂಡು ನೇರ ಕುರ್ಚಿಯ ಮುಂದೆ ನಿಂತರು.

"ಏಳಿ ಭಾವ. ಅಕ್ಕನ ಮುಖ ನೋಡ್ಬೇಕು."

"ಇಂದ್ರಾ, ಒಂದ್ನಿಮಿಷ ಕೂತ್ಕೊ. ನೀರು ಕುಡಿ."

"ನೀರು ಕುಡಿಯೋಕೆ ಬಂದಿದೀನಾ?" ಇಂದ್ರಮ್ಮನ ದನಿ ಏರಿತು. "ಕೆಂಗೇರಿಯೇನು ಕಾಶಿಯಾ? ಮೆಟ್ರೋ ಹತ್ತಿದ್ರೆ ಈಗ ಬಂದ್ಬಿಡ್ಬೋದು. ಹನ್ನೊಂದು ವರ್ಷದಲ್ಲಿ ಒಂದ್ಸಲ ಬಂದ್ಲಾ ನಮ್ಮನೆಗೆ? ನನ್ನ ಮಗಳ ಮದ್ವೆಗೆ ಅರಿಶಿನ ಹಚ್ಚು ಬಾರಕ್ಕ ಅಂತ ಕಾಲು ಹಿಡ್ಕೊಂಡಂಗೆ ಕೇಳ್ದೆ. ಕಣ್ಣಿನ ಪೊರೆ ತೆಗೆಸಿದೀನಿ, ಹೋಮದ ಹೊಗೆ ಆಗಲ್ಲ ಅಂದ್ಲು. ಪೊರೆ ತೆಗೆಸ್ಕೊಂಡೋರು ವಾರಕ್ಕೇ ಟಿವಿ ನೋಡ್ತಾರೆ, ನಂಗೊತ್ತಿಲ್ವಾ? ಎಲ್ಲೇ ಸಿಕ್ಕಿದ್ರೂ ಕರಿ ಕನ್ನಡಕ ಹಾಕ್ಕೊಂಡು ಕಂಬದ ಹಿಂದೆ ನಿಂತ್ಕೊಳ್ಳೋಳು. ಬದುಕಿದ್ದಾಗ್ಲೂ ಮುಖ ತೋರಿಸ್ಲಿಲ್ಲ. ಈಗ್ಲೂ ಬೇಡ ಅಂದ್ರೆ ಹೆಂಗೆ ಭಾವ?"

ಶಾಮಿಯಾನದ ಕೆಳಗಿನ ಮಾತುಗಳೆಲ್ಲ ನಿಂತವು. ಸಾವಿನ ಮನೆಯಲ್ಲಿ ಜಗಳಕ್ಕಿರುವಷ್ಟು ಕಿವಿ ಅಳುವಿಗಿರುವುದಿಲ್ಲ.

"ಚಿಕ್ಕಮ್ಮ, ಪ್ಲೀಸ್," ಮಗ ಯೋಗಾನಂದ ಅಡ್ಡ ಬಂದ. ಅಮ್ಮನಿಗೆ ಏನಾಗಿತ್ತೆಂದು ಅವನಿಗೆ ಗೊತ್ತಿತ್ತು, ಅಷ್ಟೇ. ನೋಡಿರಲಿಲ್ಲ. ಆಸ್ಪತ್ರೆಯಲ್ಲಿ ಮೊದಲ ಸಲ ಪಟ್ಟಿ ಬಿಚ್ಚುವಾಗ ಗೋಡೆ ಹಿಡಿದು ಹೊರಗೆ ಹೋದವನು ಆಮೇಲೆ ಒಳಗೆ ಬಂದಿರಲಿಲ್ಲ.

"ತವರಿನ ಕೈ ಬೇಡ್ವಾ? ಸರಿ, ತವರಿನ ಸೀರೆನೂ ಬೇಡ." ಇಂದ್ರಮ್ಮ ತಿರುಗಿದರು. "ನಾನು ಹೊರಟೆ."

"ಸೀರೆ ಇಲ್ದೆ ಎತ್ತೋದು ಹೆಂಗೋ!" ಹನುಮಯ್ಯ ತಲೆ ಚಚ್ಚಿಕೊಂಡರು.

ನಾಗರಾಜು ಇಂದ್ರಮ್ಮನ ಕೈಲಿದ್ದ ಕವರನ್ನೇ ನೋಡಿದರು. ತಂಗಿ ತಂದ ಸೀರೆ ಉಡದೆ ಯಶೋದೆ ಹೋಗಬಾರದು. ಕೊಟ್ಟ ಮಾತೂ ಮುರಿಯಬಾರದು. ಎರಡರಲ್ಲಿ ಯಾವುದನ್ನು ಬಿಡಬೇಕೆಂದು ಆ ಮನುಷ್ಯನಿಗೆ ತಿಳಿಯಲಿಲ್ಲ. ಎದ್ದು ಕುರ್ಚಿಯನ್ನು ಪಕ್ಕಕ್ಕೆ ತಳ್ಳಿದರು.

"ನೀನೊಬ್ಬಳೇ ಬಾ ಇಂದ್ರಾ."

•

ಆ ಮಾತು ಕೊಟ್ಟಿದ್ದು ಇದೇ ಕೋಣೆಯಲ್ಲಿ. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಯಶೋದಮ್ಮ ಕನ್ನಡಿಗೆ ಬಟ್ಟೆ ಮುಚ್ಚಿಸಿದ್ದರು. ದಿನಾ ಬೆಳಿಗ್ಗೆ ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ಹತ್ತಿ ಅದ್ದಿ, ಗುಳಿಯನ್ನು ಒಳಗಿನಿಂದ ಸುತ್ತಲೂ ಒರೆಸಿ, ಮೇಲೆ ಹೊಸ ಪಟ್ಟಿ ಅಂಟಿಸಬೇಕು. ನರ್ಸು ಕಲಿಸಿಕೊಟ್ಟಿದ್ದಳು. ಮೊದಮೊದಲು ನಾಗರಾಜುವೂ ನಡುನಡುವೆ ಎದ್ದು ಹೊರಗೆ ಹೋಗಿ ಬರುತ್ತಿದ್ದರು. ಆಮೇಲೆ ಅದು ಹಲ್ಲುಜ್ಜಿದ ಹಾಗೆ ಬೆಳಗಿನ ಕೆಲಸವಾಯಿತು. ಒರೆಸುತ್ತಾ ಅಂಗಡಿಯ ಸುದ್ದಿ ಹೇಳುತ್ತಿದ್ದರು. ಯಶೋದಮ್ಮ ಉಳಿದ ಕಣ್ಣು ಮುಚ್ಚಿ ಹ್ಞೂಂಗುಟ್ಟುತ್ತಿದ್ದರು.

ಇಂದ್ರಮ್ಮನ ಮಗಳ ಮದುವೆಯ ದಿನ ಮಾತ್ರ ಹ್ಞೂಂಗುಟ್ಟಲಿಲ್ಲ.

"ನಿಜ ಹೇಳ್ಬಿಡೋಣ ಕಣೆ," ಎಂದರು ನಾಗರಾಜು. "ತಂಗಿ ತಾನೆ."

"ಹೇಳಿದ್ರೆ ಹಂಗೇ ಬಾ ಅಂತಾಳೆ. ನಾನೂ ಹೋಗ್ಬಿಡ್ತೀನಿ. ನಾಳೆ ಆ ಮಗೀಗೆ ಏನಾದ್ರೂ ಒಂದು ಹೆಚ್ಚುಕಮ್ಮಿ ಆದ್ರೆ, ಊನ ಆದೋಳ ಕೈಲಿ ಅರಿಶಿನ ಹಚ್ಚಿಸ್ಕೊಂಡ್ರು, ಅದಕ್ಕೇ ಹಿಂಗಾಯ್ತು ಅಂತಾರೆ ಜನ. ಅವಳು ನನ್ನ ಮೇಲೆ ಸಿಟ್ಟು ಮಾಡ್ಕೊಂಡಿರ್ಲಿ, ಅದೇ ವಾಸಿ." ಹತ್ತಿ ಹಿಡಿದಿದ್ದ ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಇದನ್ನ ನೀವೊಬ್ರೇ ನೋಡಿರೋದು. ನಾನು ಸತ್ಮೇಲೂ ಇನ್ಯಾರೂ ನೋಡ್ಬಾರ್ದು. ಮಾತು ಕೊಡಿ."

ಕೊಟ್ಟಿದ್ದರು. ಹೋದ ವರ್ಷ ಅದೇ ಗಡ್ಡೆ ಶ್ವಾಸಕೋಶದಲ್ಲಿ ಕಾಣಿಸಿಕೊಂಡಾಗ ಯಶೋದಮ್ಮ ಇನ್ನೊಮ್ಮೆ ನೆನಪಿಸಿದ್ದರು.

•

ಬಾಗಿಲು ಹಾಕಿದ ಕೋಣೆಯಲ್ಲಿ ನಾಗರಾಜು ಎಲ್ಲವನ್ನೂ ಹೇಳಿದರು. ನಿಂತು ಸ್ವಲ್ಪ, ಅತ್ತಿಂದಿತ್ತ ಓಡಾಡುತ್ತ ಸ್ವಲ್ಪ. ಇಂದ್ರಮ್ಮ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತರು. ಅಷ್ಟು ವರ್ಷ ಸಾಕಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ಅವರಿಗೆ ತೋಚಲಿಲ್ಲ.

"ಕಳ್ಳಿ," ಎಂದರು ಅಕ್ಕನಿಗೆ. "ಕಳ್ಳಿ ಕಣೇ ನೀನು. ನನ್ನ ಮಗಳ ಮದ್ವೆ ಹಾಳಾಗ್ಹೋಗ್ಲಿ, ನೀನು ಬರ್ಬೇಕಿತ್ತು." ಅತ್ತು ಸುಮ್ಮನಾಗಿ, ತಲೆ ಎತ್ತಿ, "ತೋರಿಸಿ ಭಾವ," ಎಂದರು.

"ಅದೊಂದು ಕೇಳ್ಬೇಡ ಇಂದ್ರಾ. ಮಾತು ಕೊಟ್ಟಿದೀನಿ."

ಹೊರಗೆ ಹನುಮಯ್ಯ ಬಾಗಿಲು ಬಡಿದರು. "ಟೈಮಾಯ್ತು!"

ಇಂದ್ರಮ್ಮ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಿಟಕಿಯ ಸರಳಿನ ಆಚೆ ನಿಂತಿದ್ದ ಬಿಂದುಶ್ರೀಯ ಕೈಯಿಂದ ಅರಿಶಿನದ ಬಟ್ಟಲು ಇಸಿದುಕೊಂಡು, ಪರದೆ ಎಳೆದು ಬಂದು ತಲೆದಿಂಬಿನ ಬಳಿ ಕೂತರು.

"ನೋಡ್ಬಾರ್ದು ಅಂದ್ಲಲ್ವಾ? ಮುಟ್ಬಾರ್ದು ಅಂತ ಅಂದಿಲ್ವಲ್ಲ?"

ನಾಗರಾಜು ಯೋಚಿಸಿದರು. "ಇಲ್ಲ. ಹಂಗಂದಿಲ್ಲ."

"ಸರಿ. ನಾನು ಕಣ್ಣು ಮುಚ್ಕೊಂತೀನಿ. ನೀವು ಕೈ ಹಿಡ್ಕೊಳ್ಳಿ."

ಇಂದ್ರಮ್ಮ ಕಣ್ಣು ಬಿಗಿಯಾಗಿ ಮುಚ್ಚಿದರು. ನಾಗರಾಜು ಕನ್ನಡಕ ತೆಗೆದರು, ಪಟ್ಟಿ ಬಿಚ್ಚಿದರು. ಕೊನೆಯ ಸಲ ಉಪ್ಪುನೀರಿನ ಹತ್ತಿಯಿಂದ ಒಳಗೆ, ಅಂಚಿಗೆ, ಸುತ್ತಲೂ ಒರೆಸಿದರು. ಹೇಳಲು ಅಂಗಡಿಯ ಸುದ್ದಿ ಒಂದೂ ಇರಲಿಲ್ಲ. ಆಮೇಲೆ ನಾದಿನಿಯ ಮಣಿಕಟ್ಟು ಹಿಡಿದರು.

ಅರಿಶಿನದ ಬೆರಳು ಗಲ್ಲದಿಂದ ಶುರುವಾಗಿ ಕೆನ್ನೆಗೆ ಬಂದವು, ಬಲಗಣ್ಣಿನ ರೆಪ್ಪೆಯನ್ನು ಸವರಿದವು, ಹಣೆ ದಾಟಿದವು. ಎಡಕ್ಕೆ ಬಂದು ಮೂಳೆಯ ಅಂಚಿನಲ್ಲಿ ನಿಂತವು.

"ಇಲ್ಲೇನಾ?"

"ಹ್ಞೂಂ. ಇಲ್ಲೇ. ಮೆಲ್ಲಗೆ."

ಬೆರಳು ಒಂದೊಂದಾಗಿ ಒಳಗಿಳಿದವು.

"ಇಷ್ಟು ಆಳನಾ ಅಕ್ಕಾ?"

ಕೈ ಹಿಂದಕ್ಕೆ ಬರಲಿಲ್ಲ. ಮಗುವಿನ ಕಿವಿಗೆ ಎಣ್ಣೆ ಹಾಕಿ ಸವರುವ ಹಾಗೆ ಒಳಗೆಲ್ಲ ನಿಧಾನವಾಗಿ ಸವರಿ, ಮತ್ತೆ ಬಟ್ಟಲಿಗೆ ಅದ್ದಿ, ಮತ್ತೆ ಸವರಿತು. ನಾಗರಾಜು ಮಣಿಕಟ್ಟು ಬಿಟ್ಟುಬಿಟ್ಟರು. ಇನ್ನು ದಾರಿ ತೋರಿಸುವ ಅಗತ್ಯವಿರಲಿಲ್ಲ. ಬೆಳಗಿನಿಂದ ಬಾರದಿದ್ದ ಅಳು ಅವರಿಗೆ ಈಗ ಬಂತು.

ಕುಂಕುಮವನ್ನೂ ಇಂದ್ರಮ್ಮನೇ ಇಟ್ಟರು, ಹಾಗೇ ಕಣ್ಣು ಮುಚ್ಚಿಕೊಂಡು. ಅದು ಹಣೆಯ ನಡುವೆ ಸರಿಯಾಗಿ ಕೂತಿತು.

ಹನುಮಯ್ಯ ಮತ್ತೆ ಬಾಗಿಲು ಬಡಿದರು. ನಾಗರಾಜು ಹೊಸ ಪಟ್ಟಿ ಅಂಟಿಸಿದರು, ಕನ್ನಡಕ ಹಾಕಿದರು, ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡರು.

"ಆಯ್ತು ಇಂದ್ರಾ. ಕಣ್ಣು ಬಿಡು."

ಇಂದ್ರಮ್ಮ ಬಿಡಲಿಲ್ಲ. ಅರಿಶಿನದ ಕೈ ಮಡಿಲಲ್ಲಿ ಅಂಗಾತವಾಗಿ, ಆ ಗುಳಿಯ ಅಳತೆಗೆ ಬಾಗಿಕೊಂಡೇ ಇತ್ತು.