ಹದಿನಾರರಿಂದ ನಾಲ್ಕಕ್ಕೆ

ಅಕ್ಕನ ಫೋನು ಬಂದಾಗ ಗುಬ್ಬಿ ಸರ್ವರ್ ರೂಮಿನ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಇಡೀ ಆಸ್ಪತ್ರೆಯಲ್ಲಿ ತಂಪಾಗಿರುವ ಜಾಗ ಅದೊಂದೇ. ಫ್ಯಾನುಗಳ ಗುಂಯ್ ಸದ್ದಿಗೆ ಕಣ್ಣು ಎಳೆಯುತ್ತಿತ್ತು.

"ಏ ಗುಬ್ಬಿ, ಮತ್ತೆ ಸತ್ತೋಯ್ತು ನೋಡು."

"ಸತ್ತಿಲ್ಲ ಅಕ್ಕಾ. ನಿಧಾನ ಆಗಿದೆ ಅಷ್ಟೆ."

"ಆ ವ್ಯತ್ಯಾಸ ನಿಂಗೆ ಗೊತ್ತಾಗತ್ತೆ, ಕೌಂಟರ್ ಮುಂದೆ ನಿಂತೋರಿಗೆ ಗೊತ್ತಾಗಲ್ಲ. ಇನ್ನೊಂದಿಷ್ಟು ಪ್ರೊಸೆಸರ್ ಹಾಕು, ಆಮೇಲೆ ಮಾತಾಡೋಣ."

ಗುಬ್ಬಿ ಅನ್ನುವುದು ಮನೆಯಲ್ಲಿ ಇಟ್ಟ ಹೆಸರು. ಈಗ ಅವಳಿಗೆ ನಲವತ್ತು ದಾಟಿತ್ತು, ಇಬ್ಬರು ಮಕ್ಕಳಿದ್ದರು, ಆಸ್ಪತ್ರೆಯ ಸರ್ವರ್‌ಗಳನ್ನೆಲ್ಲ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಆದರೆ ಅದೇ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿಗೆ ಅಕ್ಕ ಮುಖ್ಯಸ್ಥೆ. ಹಾಗಾಗಿ ಹೆಸರು ಮನೆಯಲ್ಲಿ ಉಳಿಯದೆ ಇಲ್ಲಿಗೂ ನಡೆದು ಬಂದಿತ್ತು. ಗೇಟಿನ ವಾಚ್‌ಮನ್ ಕೂಡ ಗಂಭೀರವಾಗಿ "ನಮಸ್ಕಾರ ಗುಬ್ಬಿ ಮೇಡಂ" ಅನ್ನುತ್ತಿದ್ದ.

ಅಕ್ಕ ಸುಮ್ಮನೆ ಕೂಗಾಡುತ್ತಿರಲಿಲ್ಲ. ಲ್ಯಾಬಿನ ರಿಪೋರ್ಟುಗಳು ತಿಂಗಳಿನಿಂದ ತಡವಾಗುತ್ತಿದ್ದವು. ಬೆಳಿಗ್ಗೆ ಕೊಟ್ಟ ರಕ್ತಕ್ಕೆ ಸಂಜೆ ಉತ್ತರ. ವಾರ್ಡಿನ ಡಾಕ್ಟರುಗಳು ದೂರು ಕೊಟ್ಟು ಕೊಟ್ಟು, ಕೊನೆಗೆ ಆಡಳಿತಾಧಿಕಾರಿ ಸಾಹೇಬರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಶನಿವಾರ ತಾವೇ ಬಂದು ಲ್ಯಾಬಿನಲ್ಲಿ ನಿಂತು ನೋಡುತ್ತಾರೆ. ಒಂದು ಗಂಟೆಯೊಳಗೆ ರಿಪೋರ್ಟು ಕೈಗೆ ಬರದಿದ್ದರೆ ಮುಂದಿನ ತಿಂಗಳಿಂದ ಪರೀಕ್ಷೆಯೆಲ್ಲ ಹೊರಗಿನ ಕಂಪನಿಗೆ. ಲ್ಯಾಬಿಗೆ ಬೀಗ. ಅಕ್ಕ ಕಾಲೇಜು ಮುಗಿಸಿದ ವರ್ಷವೇ ಸೇರಿ, ಒಂದೊಂದು ಮೆಷಿನ್ನನ್ನೂ ಜಗಳವಾಡಿ ತರಿಸಿ ಕಟ್ಟಿದ ಲ್ಯಾಬು ಅದು. ಇವತ್ತು ಶುಕ್ರವಾರ.

ಗುಬ್ಬಿ ಎದ್ದು ಸ್ಕ್ರೀನಿನ ಮುಂದೆ ಕೂತಳು. ಆಸ್ಪತ್ರೆಯ ಎಲ್ಲ ವಿಭಾಗಗಳ ಸರ್ವರ್‌ಗಳೂ ನಿಜಕ್ಕೂ ಒಂದೇ ದೊಡ್ಡ ಪೆಟ್ಟಿಗೆಯೊಳಗೆ ಬಾಡಿಗೆಗಿದ್ದವು. ಲ್ಯಾಬು, ಎಕ್ಸ್‌ರೇ, ಅಕೌಂಟ್ಸ್, ಹಾಜರಿ, ಸ್ಟೋರು, ಎಲ್ಲವೂ. ಒಂದೊಂದಕ್ಕೂ ಇಡೀ ಮನೆ ತನ್ನದೇ ಅನ್ನುವ ಭ್ರಮೆ. ಅಡುಗೆಮನೆ ಮಾತ್ರ ಒಂದೇ: ಪೆಟ್ಟಿಗೆಯಲ್ಲಿದ್ದದ್ದು ಒಟ್ಟು ಇಪ್ಪತ್ತನಾಲ್ಕು ಪ್ರೊಸೆಸರ್. ಅದನ್ನೇ ಎಲ್ಲರೂ ಸರದಿಯ ಮೇಲೆ ಬಳಸಬೇಕು; ಒಬ್ಬೊಬ್ಬರಿಗೆ ಗುಬ್ಬಿ ಎಷ್ಟು ಅಂತ ಕೊಟ್ಟರೂ ಅದು ಬರೀ ಕಾಗದದ ಲೆಕ್ಕ.

ಮೊದಮೊದಲು ಎಲ್ಲರಿಗೂ ಎರಡೋ ನಾಲ್ಕೋ ಕೊಟ್ಟಿದ್ದಳು. ಆಮೇಲೆ ಎಕ್ಸ್‌ರೇ ಡಾಕ್ಟರು ದೊಡ್ಡ ಫೋಟೋ ತೆರೆಯಲ್ಲ ಅಂತ ಎಂಟು ಕೇಳಿದರು. ಸುದ್ದಿ ಲ್ಯಾಬಿಗೆ ಮುಟ್ಟಿದ್ದೇ ತಡ, ಅಕ್ಕ ಬಂದು, "ಅವರಿಗೆ ಎಂಟು, ಸ್ವಂತ ಅಕ್ಕಂಗೆ ನಾಲ್ಕಾ?" ಅಂದಳು. ಎಂಟಾಯಿತು. ನಿಧಾನವಾಯಿತು. ಹದಿನಾರಾಯಿತು. ಇನ್ನೂ ನಿಧಾನವಾಯಿತು. ಅಕ್ಕನ ಹದಿನಾರು ನೋಡಿ ಅಕೌಂಟ್ಸಿನವರು ಹನ್ನೆರಡು ಕೇಳಿದರು, ಅವರನ್ನು ನೋಡಿ ಹಾಜರಿಯವರು ಎಂಟು, ಸ್ಟೋರಿನವರು ಆರು. ಲ್ಯಾಬಿಗೆ ಸಾಫ್ಟ್‌ವೇರ್ ಮಾರಿದ ಕಂಪನಿಯವನಂತೂ ಏನು ಕೇಳಿದರೂ ಒಂದೇ ಮಂತ್ರ ಹೇಳುತ್ತಿದ್ದ: "ಪ್ರೊಸೆಸರ್ ಜಾಸ್ತಿ ಮಾಡಿ ಮೇಡಂ."

ಈ ವಾರವಿಡೀ ಗುಬ್ಬಿ ಒಂದೊಂದನ್ನೇ ಜಾಲಾಡಿದ್ದಳು. ಡಿಸ್ಕ್ ಸರಿಯಿತ್ತು. ನೆಟ್‌ವರ್ಕ್ ಸರಿಯಿತ್ತು. ಮೆಮೊರಿ ಬೇಕಾದಷ್ಟಿತ್ತು. ಲ್ಯಾಬಿನ ಸರ್ವರ್ ಒಳಗೆ ಇಣುಕಿದರೆ ಹದಿನಾರು ಪ್ರೊಸೆಸರ್‌ಗಳೂ ಕೈಕಟ್ಟಿ ಕೂತಿರುವ ಹಾಗೆ ಕಾಣುತ್ತಿದ್ದವು. ಕೆಲಸವೇ ಇಲ್ಲ, ಆದರೂ ಕೆಲಸ ಮುಗಿಯುತ್ತಿಲ್ಲ. ಈಗ ಬೇರೇನೂ ತೋಚದೆ ಒಳಗಿನಿಂದ ನೋಡುವುದನ್ನು ಬಿಟ್ಟು, ಹೊರಗೆ ದೊಡ್ಡ ಪೆಟ್ಟಿಗೆಯ ಕಡೆಯಿಂದ ನೋಡಿದಳು. ಅಲ್ಲಿ ಸರದಿಗಾಗಿ ಕಾದ ಹೊತ್ತನ್ನು ತೋರಿಸುವ ಒಂದು ಗೆರೆ ಇತ್ತು. ಲ್ಯಾಬಿನ ಗೆರೆ ಸೂರಿಗೆ ಅಂಟಿಕೊಂಡಿತ್ತು.

ಎಲ್ಲ ವಿಭಾಗಗಳಿಗೂ ಕೊಟ್ಟಿದ್ದ ಪ್ರೊಸೆಸರ್‌ಗಳನ್ನು ಅವಳು ಒಂದು ಚೀಟಿಯಲ್ಲಿ ಬರೆದು ಕೂಡಿಸಿದಳು: ಐವತ್ತು. ಆಮೇಲೆ ಎದ್ದು ಲ್ಯಾಬಿಗೆ ಹೋದಳು.

ಅಕ್ಕ ಕೈಗವಸು ಹಾಕಿಕೊಂಡು ಟ್ಯೂಬುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ಕೌಂಟರಿನ ಆಚೆ ಜನ ಗೋಡೆಗೆ ಒರಗಿ ನಿಂತಿದ್ದರು. ಬೈಯುವ ಶಕ್ತಿಯೂ ಉಳಿದಿಲ್ಲದ ಮುಖಗಳು.

"ಹಾಕಿದ್ಯಾ?" ಅಂದಳು ಅಕ್ಕ, ತಲೆ ಎತ್ತದೆ.

"ಹಾಕೋದಲ್ಲ ಅಕ್ಕಾ. ತೆಗೀಬೇಕು. ಹದಿನಾರರಿಂದ ನಾಲ್ಕಕ್ಕೆ ಇಳಿಸ್ತೀನಿ. ಹತ್ತು ನಿಮಿಷ ಸರ್ವರ್ ನಿಲ್ಲಿಸಬೇಕಾಗತ್ತೆ."

ಅಕ್ಕನ ಕೈ ನಿಂತಿತು. "ನಾನಿಲ್ಲಿ ಮುಳುಗ್ತಾ ಇದ್ದೀನಿ, ನೀನು ಬಂದು ದೋಣಿ ಹುಟ್ಟು ಕಿತ್ಕೋತೀನಿ ಅಂತಿದ್ಯ."

"ಕೇಳಿಲ್ಲಿ. ನಿನ್ನ ಮದುವೆಗೆ ಹೊರಟಾಗ ಅತ್ತೆಯಂದ್ರು, ಅವರ ಮಕ್ಕಳು, ಸೊಸೆಯಂದ್ರು ಎಲ್ಲ ಒಂದೇ ಬಸ್ಸಲ್ಲಿ ಒಟ್ಟಿಗೇ ಹೋಗಬೇಕು ಅಂತ ಹಟ ಹಿಡಿದು ಬಸ್‌ಸ್ಟ್ಯಾಂಡಲ್ಲಿ ಕೂತಿದ್ರಲ್ಲ. ಬಂದ ಬಸ್ಸಲ್ಲೆಲ್ಲ ಐದು ಸೀಟು, ಆರು ಸೀಟು. ಇವರು ಹತ್ತಲಿಲ್ಲ."

"ತಾಳಿ ಕಟ್ಟಿ ಆದ್ಮೇಲೆ ಬಂದ್ರು. ಊಟಕ್ಕೆ ಮಾತ್ರ ಸರಿಯಾಗಿ ಬಂದ್ರು."

"ನಿನ್ನ ಸರ್ವರ್ ಅದೇ ಮಾಡ್ತಿದೆ. ಹದಿನಾರಕ್ಕೂ ಒಟ್ಟಿಗೇ ಜಾಗ ಬೇಕು ಅಂತ ಕಾಯತ್ತೆ. ಬೇರೆಯವರೂ ದೊಡ್ಡ ದೊಡ್ಡ ಸಂಸಾರ ಕಟ್ಕೊಂಡು ಕಾಯ್ತಿದ್ದಾರೆ. ನಾಲ್ಕೇ ಜನ ಆದ್ರೆ ಬಂದ ಬಸ್ಸಿಗೆ ಹತ್ತಿ ಹೋಗ್ತಾ ಇರಬಹುದು."

"ಹಾಗಿದ್ದ ಮೇಲೆ ಹದಿನಾರು ಯಾಕೆ ಕೊಟ್ಟೆ?"

"ನೀನು ಕೇಳಿದೆ."

"ಕೇಳಿದ್ರೆ ಕೊಟ್ಟುಬಿಡೋದಾ?"

"ಚಿಕ್ಕಂದಿನಿಂದ ಅದೇ ತಾನೆ ನಡೆದಿರೋದು."

ಪಕ್ಕದಲ್ಲಿ ಟ್ಯೂಬು ಜೋಡಿಸುತ್ತಿದ್ದ ಲ್ಯಾಬಿನ ಹುಡುಗಿ ನಗು ತಡೆಯಲು ಬೇರೆ ಕಡೆ ತಿರುಗಿದಳು. ಅಕ್ಕನ ಮುಖ ಬಿಗಿಯಿತು. "ನಾಳೆ ಸಾಹೇಬ್ರು ಬರ್ತಾರೆ. ಇವತ್ತು ನಿನ್ನ ಬಸ್ಸಿನ ಕಥೆ ನಂಬಿ ಇದ್ದಿದ್ದನ್ನೂ ಕೊಟ್ಟು ಕೂರಲಾ? ಹೋಗು, ನಂಗೆ ಕೆಲಸ ಇದೆ."

ಗುಬ್ಬಿ ವಾಪಸ್ಸು ಬಂದಳು. ಊಟದ ಡಬ್ಬಿ ತೆಗೆದು, ಎರಡು ತುತ್ತು ತಿಂದು, ಮುಚ್ಚಿಟ್ಟಳು. ಅಕ್ಕನ ಒಪ್ಪಿಗೆ ಇಲ್ಲದೆಯೂ ಇಲ್ಲಿಂದಲೇ ನಿಲ್ಲಿಸಬಹುದಿತ್ತು, ಒಂದು ಗುಂಡಿ ಒತ್ತಿದರೆ ಸಾಕು. ಬೆರಳು ಅಲ್ಲಿಯವರೆಗೂ ಹೋಯಿತು. ಆದರೆ ಮೆಷಿನ್ನುಗಳು ಫಲಿತಾಂಶ ಕಳಿಸುತ್ತಿರುವಾಗ ಮಧ್ಯದಲ್ಲಿ ನಿಂತರೆ ಯಾರದೋ ರಕ್ತದ ಲೆಕ್ಕ ಅರ್ಧಂಬರ್ಧ ಆಗುತ್ತದೆ. ಅಂಥ ಕೆಲಸ ಅವಳು ಯಾವತ್ತೂ ಮಾಡಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡಳು.

ಅಕ್ಕನ ಸರ್ವರ್ ಬಿಟ್ಟರೆ ಬೇರೆ ಯಾರದ್ದನ್ನು ಇಳಿಸಿ ತೋರಿಸಬಹುದು? ಹಾಜರಿಯ ಗುಮಾಸ್ತನಿಗೆ ಫೋನು ಮಾಡಿದಳು. ಅವನು ಆಕಳಿಸುತ್ತಾ, "ಎಲ್ಲರೂ ಬೆಳಿಗ್ಗೆನೇ ಬೆರಳು ಒತ್ತಿ ಆಯ್ತಲ್ಲ ಮೇಡಂ, ಸಂಜೆವರೆಗೆ ನಿಲ್ಲಿಸಿದ್ರೂ ನಂಗೇನು" ಅಂದ. ಬ್ಯಾಕಪ್ ತೆಗೆದು, ನಿಲ್ಲಿಸಿ, ಎಂಟನ್ನು ಎರಡಕ್ಕೆ ಇಳಿಸಿ ಮತ್ತೆ ಎಬ್ಬಿಸಿದಳು. ಹಾಜರಿ ಚುರುಕಾಯಿತು. ಅದಕ್ಕಿಂತ ಹೆಚ್ಚಿಗೆ, ಲ್ಯಾಬಿನ ಗೆರೆ ಸೂರಿನಿಂದ ಒಂದು ಗೇಣು ಕೆಳಗೆ ಬಂತು. ಅದರ ಫೋಟೋ ಹೊಡೆದು ಅಕ್ಕನಿಗೆ ಕಳಿಸಿದಳು. ಏನೂ ಬರೆಯಲಿಲ್ಲ, ಬರೆಯುವಷ್ಟು ಜೀವ ಇರಲಿಲ್ಲ.

ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಅಕ್ಕ ತಾನೇ ಬಂದಳು. ಬಾಗಿಲಲ್ಲೇ ನಿಂತು ಸ್ಕ್ರೀನು ನೋಡಿದಳು. ತಪ್ಪು ಹುಡುಕುವುದಕ್ಕೇ ಹುಟ್ಟಿದ ಕಣ್ಣು ಅವು. ಒಂದು ಹನಿ ರಕ್ತವನ್ನೂ ಎರಡು ಸಲ ನೋಡದೆ ನಂಬದವಳು.

"ಒಂದು ಸ್ಯಾಂಪಲ್ ಇಟ್ಕೊಂಡು ಏನೂ ಹೇಳೋಕಾಗಲ್ಲ," ಅಂದಳು.

"ಇನ್ನೊಂದು ಮಾಡ್ತೀನಿ, ಕೂತ್ಕೊ."

ಸ್ಟೋರಿನವನನ್ನು ಕೇಳಿ, ಅವನ ಆರನ್ನು ಎರಡಕ್ಕೆ ಇಳಿಸಿದಳು. ಅಕ್ಕ ಕುರ್ಚಿಯ ತುದಿಯಲ್ಲಿ ಕೂತು ಹಾಲು ಉಕ್ಕುವುದನ್ನು ಕಾಯುವವಳ ಹಾಗೆ ಗೆರೆಯನ್ನೇ ನೋಡುತ್ತಿದ್ದಳು. ಗೆರೆ ಮತ್ತೆ ಇಳಿಯಿತು. ಹೆಚ್ಚೇನಲ್ಲ, ಆದರೆ ಇಳಿಯಿತು.

"ಮೂರನೇದು?"

"ಮೂರನೇದು ನಿಂದು."

ಅಕ್ಕ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. "ಇದು ತಪ್ಪಾದ್ರೆ ನಾಳೆ ನನ್ನ ಹುಡುಗೀರ ಮುಂದೆ ನಾನು ಹೇಗೆ ನಿಲ್ಲಲಿ ಹೇಳು."

"ತಪ್ಪಾದ್ರೆ ಹತ್ತೇ ನಿಮಿಷದಲ್ಲಿ ವಾಪಸ್ ಹದಿನಾರು ಮಾಡ್ತೀನಿ. ಆದ್ರೆ ತಪ್ಪಲ್ಲ ಅಕ್ಕಾ."

"ಇಷ್ಟು ಗಟ್ಟಿಯಾಗಿ ಮಾತಾಡೋದು ಯಾವಾಗ ಕಲಿತೆ?"

"ಇವತ್ತೇ. ಸುಸ್ತಾಗಿದೆ, ಮೆತ್ತಗೆ ಮಾತಾಡೋಕೂ ಶಕ್ತಿ ಬೇಕು."

ಅಕ್ಕ ಲ್ಯಾಬಿಗೆ ಫೋನು ಮಾಡಿದಳು. ಹೊಸ ಟ್ಯೂಬು ಮೆಷಿನ್ನಿಗೆ ಹಾಕಬೇಡಿ, ಒಳಗಿರುವುದು ಮುಗಿಯಲಿ, ಅಲ್ಲಿಯವರೆಗೆ ಬಂದವರ ವಿವರ ಕೈಯಲ್ಲಿ ಬರೆದುಕೊಳ್ಳಿ ಅಂದಳು. ಎಲ್ಲ ನಿಂತಿದೆ ಅಂತ ಆ ಕಡೆಯಿಂದ ಹೇಳಿದ ಮೇಲೆ ತಂಗಿಯ ಕಡೆ ನೋಡಿ, "ತಗೋ" ಅಂದಳು.

ಬ್ಯಾಕಪ್ ಆಯಿತು. ಸರ್ವರ್ ನಿಂತಿತು. ಹದಿನಾರು ಅಂತಿದ್ದ ಜಾಗದಲ್ಲಿ ನಾಲ್ಕು ಅಂತ ಒತ್ತಿ ಎಬ್ಬಿಸಿದರೆ, ಅದು ಏಳಲು ತನ್ನ ಹೊತ್ತನ್ನು ತಾನು ತೆಗೆದುಕೊಂಡಿತು. ಕಪ್ಪು ಸ್ಕ್ರೀನಿನಲ್ಲಿ ಒಂದು ಚುಕ್ಕಿ ಮಿನುಗುತ್ತಿತ್ತು. ಅಕ್ಕ ತಂಗಿಯರಿಬ್ಬರೂ ಅದನ್ನೇ ನೋಡುತ್ತಾ ಕೂತರು. ಅಕ್ಕನ ಕೈ ಗುಬ್ಬಿಯ ಭುಜದ ಮೇಲೆ ಯಾವಾಗ ಬಂತೋ ಇಬ್ಬರಿಗೂ ಗೊತ್ತಾಗಲಿಲ್ಲ. ಬಂದದ್ದು ಹಾಗೇ ಭಾರವಾಗಿ ಕೂತಿತ್ತು.

ಫೋನು ಬಂತು. ಲ್ಯಾಬಿನ ಹುಡುಗಿ. "ಮೇಡಂ, ಪ್ರಿಂಟರ್‌ಗೆ ಹಾಳೆ ಸಾಲ್ತಿಲ್ಲ. ಬೆಳಿಗ್ಗೆಯಿಂದ ಸಿಕ್ಕಾಕೊಂಡಿದ್ದೆಲ್ಲ ಒಟ್ಟಿಗೇ ಬರ್ತಿದೆ."

ಗೆರೆ ನೆಲಕ್ಕಿಳಿದಿತ್ತು. ಅಕ್ಕ ಅದನ್ನು ನೋಡಿದಳು, ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದಳು. "ಅಂದ್ರೆ ಇಷ್ಟು ದಿನ ನಾನು ಬಾಯಿಬಿಟ್ಟು ಕೇಳಿ ಕೇಳಿ ನನ್ನ ಕತ್ತು ನಾನೇ ಹಿಸುಕಿಕೊಂಡೆ."

"ಹಿಸುಕೋಕೆ ಕೈ ಕೊಟ್ಟಿದ್ದು ನಾನು."

"ಅದೂ ನಿಜ," ಅಂದಳು ಅಕ್ಕ. ಎದ್ದು ಹೋಗುತ್ತಾ ಉಳಿದಿದ್ದ ಊಟದ ಡಬ್ಬಿಯನ್ನು ಅವಳ ಮುಂದೆ ಸರಿಸಿದಳು.

ಶನಿವಾರ ಸಾಹೇಬರು ಬಂದರು, ಲ್ಯಾಬಿನ ಮಧ್ಯೆ ನಿಂತರು. ಮೊದಲನೆಯ ಟ್ಯೂಬಿನ ರಿಪೋರ್ಟು ಅವರ ಟೀ ಆರುವ ಮೊದಲೇ ಕೈಗೆ ಬಂತು. ಎರಡನೆಯದೂ ಬಂತು. ಅವರಿಗೆ ಸ್ವಲ್ಪ ನಿರಾಸೆಯೇ ಆದ ಹಾಗಿತ್ತು. "ಸರಿ, ಹೊರಗಿನವರಿಗೆ ಬೇಡ ಅಂತ ಬರೀತೀನಿ" ಅಂದು ಹೊರಟುಹೋದರು.

ಅಕ್ಕ ಫೋನಿನಲ್ಲಿ ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಸರ್ವರ್ ರೂಮಿನ ಬಾಗಿಲು ತಟ್ಟಿದ ಸದ್ದಾಯಿತು. ಎಕ್ಸ್‌ರೇ ಡಾಕ್ಟರು. ಯಾವತ್ತೂ ಈ ಕಡೆ ತಲೆ ಹಾಕದವರು.

"ಲ್ಯಾಬಿಂದ ಹನ್ನೆರಡು ವಾಪಸ್ ತಗೊಂಡ್ರಂತೆ," ಅಂದರು. "ಸುಮ್ನೆ ಬಿದ್ದಿರತ್ತಲ್ಲ. ನಮಗೆ ಹಾಕಿಬಿಡಿ."

"ಅವು ಇರಲೇ ಇಲ್ಲ ಸರ್. ಇಲ್ಲಿರೋದೇ ಇಪ್ಪತ್ನಾಲ್ಕು. ನಾನು ಹಂಚಿದ್ದು ಐವತ್ತು."

"ಏನೋ ಒಂದು. ಒಂದು ಆರಾದ್ರೂ?"

"ಕೊಡಲ್ಲ ಸರ್. ನಿಮ್ಮದ್ರಲ್ಲೂ ಕಮ್ಮಿ ಮಾಡಬೇಕು."

ಡಾಕ್ಟರು ಕಿವಿ ಸರಿಯಿದೆಯೇ ಅನ್ನುವ ಹಾಗೆ ನೋಡಿದರು. "ನಿಮ್ಮ ಅಕ್ಕ ಕೇಳಿದ್ರೆ ಹೀಗೇ ಹೇಳ್ತಿದ್ರಾ?"

ಗುಬ್ಬಿಯ ಕೈಯಲ್ಲಿದ್ದ ಫೋನಿನಿಂದ ಅಕ್ಕನ ಧ್ವನಿ ಬಂತು. "ಹೇಳಿದ್ಲು ಡಾಕ್ಟ್ರೇ. ನನ್ನ ಜಾಗಕ್ಕೇ ಬಂದು, ನನ್ನ ಲ್ಯಾಬಿನ ಹುಡುಗಿ ಎದುರಿಗೇ ಹೇಳಿದ್ಲು."

ಡಾಕ್ಟರು ಗಡಿಯಾರ ನೋಡಿಕೊಂಡರು. "ನಿಲ್ಲಿಸೋದು ಎಷ್ಟು ಹೊತ್ತು?"

"ಹತ್ತು ನಿಮಿಷ. ಹದಿನೈದು ಅಂತ ಇಟ್ಕೊಳ್ಳಿ. ಯಾವಾಗ ಅಂತ ನೀವೇ ಹೇಳಿ, ಹೇಳದೆ ನಿಲ್ಲಿಸಲ್ಲ."

ಸೋಮವಾರ ಹೇಳುತ್ತೇನೆ ಅಂದು ಅವರು ಹೋದರು. ಗುಬ್ಬಿ ಫೋನು ಪಕ್ಕಕ್ಕಿಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಅಕೌಂಟ್ಸಿನವರು ಇನ್ನೂ ಬಾಕಿ ಇದ್ದರು.